ಹುಲ್ಲಿನ ಹೆಂಟೆ

ಇಮಿಂಗ್‌ಹ್ಯಾಮ್ ಬಂದರಿನ ಗೇಟಿನಲ್ಲಿ
ಹಣೆಗೆ ಹಿಡಿಯುತ್ತಾರೆ ಬಿಳಿಯದೊಂದು ಪುಟ್ಟ ಪಿಸ್ತೂಲು.
ಮೂವತ್ತಾರು ಚಿಲ್ಲರೆ. ಹೋಗಬಹುದು, ಅನ್ನುತ್ತಾನೆ ಕಾವಲಿನ ಕೀತ್.
ದಿನವೂ ನನ್ನ ಮೈಬಿಸಿ ಬಲ್ಲವನಿಗೆ
ಎರಡು ವರ್ಷವಾದರೂ ನನ್ನ ಹೆಸರು ನಾಲಿಗೆಗೆ ಹೊರಳಿಲ್ಲ:
ರೆವರೆಂಡ್ ದೀನಮಣಿ ಉಳ್ಳಾಗಡ್ಡಿ.
ಅರ್ಥ ಹೇಳಿದ ದಿನದಿಂದ ನಾನವನಿಗೆ ರೆವರೆಂಡ್ ಆನಿಯನ್.
ಇರಲಿ. ಕಣ್ಣಲ್ಲಿ ನೀರು ತರಿಸುವುದೂ ಒಂದು ಸೇವೆ.

ವ್ಯಾನಿನ ಹಿಂಬದಿಯಲ್ಲಿ ನನ್ನ ಸುವಾರ್ತೆ:
ಸಿಮ್ ಕಾರ್ಡು ನಲವತ್ತೊಂದು,
ಕ್ಲೀಥಾರ್ಪ್ಸಿನ ಅಜ್ಜಿಯರು ಬಾಗಿಲು ಹಾಕಿಕೊಂಡು ಹೆಣೆದ
ಉಣ್ಣೆಯ ಟೊಪ್ಪಿಗೆ,
ಚಾಕಲೇಟು, ರೇಜರು, ಮೊಣಕಾಲಿಗೆ ಹಚ್ಚುವ ಮುಲಾಮು.
ನಾನು ಹಡಗು ಹತ್ತುವಂತಿಲ್ಲ. ಅವರು ಇಳಿಯುವಂತಿಲ್ಲ.
ನಡುವೆ ಏಣಿ, ಏಣಿಯ ಬುಡಕ್ಕೆ ಹಳದಿ ಗೆರೆ.
ರೋಗಿಯ ಕೈ ಹಿಡಿದು ಪ್ರಾರ್ಥಿಸು ಎಂದು ಕಲಿಸಿದ್ದರು;
ಮುಟ್ಟದೆ ಪ್ರಾರ್ಥಿಸುವುದು
ಯಾವ ಪಾಠದಲ್ಲೂ ಇರಲಿಲ್ಲ.

ಮೇಲಿನಿಂದ ಹಗ್ಗ ಕಟ್ಟಿದ ಬಕೇಟು ಬರುತ್ತದೆ.
ಬೆಟಗೇರಿಯಲ್ಲಿ ನಮ್ಮವ್ವ ಬಾವಿಗೆ ಕೊಡ ಬಿಡುವಾಗ
ನಾನು ಬಗ್ಗಿ ನೋಡುತ್ತಿದ್ದೆ;
ಜಡೆ ಹಿಡಿದು ಹಿಂದಕ್ಕೆಳೆದು ಬೈಯುತ್ತಿದ್ದಳು.
ಈಗ ತಳದಲ್ಲಿ ನಿಂತವಳು ನಾನೇ.
ಮೇಲೆ, ಆಕಾಶದ ಅಂಚಿಗೆ,
ಮುಖಗವಸಿನ ಆರೇಳು ತಲೆ.
ತುಂಬುತ್ತೇನೆ. ಸೇದಿಕೊಳ್ಳುತ್ತಾರೆ.

ಮೊನ್ನೆ, ಮರದ ಗುಳಿಗೆ ಹೊತ್ತು ಬಂದ ಹಡಗಿನಿಂದ
ಬೋಸನ್ ರೊಡೆಲಿಯೊ ಕೂಗಿದ, ಅರ್ಧ ಮಾತು ಗಾಳಿಗೆ ಹೋಯಿತು:
ಹದಿನಾಲ್ಕು ತಿಂಗಳು, ಮೇಡಂ. ಕರಾರು ಒಂಬತ್ತರದು.
ಇಲೋಯಿಲೋದಲ್ಲಿ ಮಗಳು ಅಂಗಳದಲ್ಲಿ ನಡೆಯುತ್ತಾಳೆ,
ನಾನು ಕಬ್ಬಿಣದ ಮೇಲೆ.
ಚಾಕಲೇಟು ಬೇಡ.
ಸ್ವಲ್ಪ ನೆಲ ಕಳಿಸುತ್ತೀರಾ?

ನೆಲ?
ತಪ್ಪು ಕೇಳಿಸಿತೆಂದು ಕಿವಿಗೆ ಕೈಯಿಟ್ಟೆ.
ಅವನು ತನ್ನ ಬೂಟಿನತ್ತ ಬೆರಳು ಮಾಡಿದ.

ನಾವಿಕರ ಮನೆಯ ಹಿತ್ತಿಲಲ್ಲಿ,
ಬೀಗ ಬಿದ್ದ ಬಿಲಿಯರ್ಡ್ಸ್ ಕೋಣೆಯ ಕಿಟಕಿಯ ಕೆಳಗೆ,
ಸಲಿಕೆ ಸಿಗದೆ ಅಡುಗೆಮನೆಯ ಸವುಟಿನಿಂದ ಅಗೆದೆ.
ಒಂದು ಹೆಂಟೆ. ಅದರ ಮೇಲೆ ಒದ್ದೆ ಹುಲ್ಲು,
ಹೆಸರು ಗೊತ್ತಿಲ್ಲದ ಒಂದು ಹಳದಿ ಹೂವು,
ಅರ್ಧ ಹೊರಗೆ ಅರ್ಧ ಒಳಗೆ ಎರೆಹುಳು.
ಮಣ್ಣು ರಫ್ತು ಮಾಡಲು ಯಾರ ಸಹಿ ಬೇಕೋ, ಕೇಳಲಿಲ್ಲ.

ಅಗೆಯುವಾಗ ನೆನಪಾದವಳು ನಮ್ಮೂರ ಸಿಮೆಟ್ರಿಯ ನರ್ಸಮ್ಮ.
ಹಡಗಿನಲ್ಲಿ ಬಂದವಳು, ಜರ್ಮನಿಯಿಂದ;
ಪ್ಲೇಗಿನ ಕಾಲಕ್ಕೆ, ಬಂದ ಎಂಟನೇ ತಿಂಗಳು, ಅಲ್ಲೇ ಮಲಗಿದಳು.
ಅವಳ ಕಲ್ಲಿನ ಸುತ್ತ ಹುಲ್ಲು ಕೀಳುವುದು ಅಜ್ಜನ ಶನಿವಾರದ ಕೆಲಸ,
ಕಿತ್ತದ್ದನ್ನು ಆಚೆ ಒಗೆಯುವುದು ನನ್ನದು.
ಅವಳಿಗೆ ಅವಳ ಊರ ನೆಲ
ಯಾರೂ ಬಕೇಟಿನಲ್ಲಿ ಕಳಿಸಿರಲಿಲ್ಲ.

ಏಣಿಯ ಮೇಲ್ತುದಿಯ ಹಲಗೆಯ ಮೇಲೆ ರೊಡೆಲಿಯೊ
ಹೆಂಟೆ ಇಟ್ಟ. ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ.
ಒಂದೇ ಪಾದಕ್ಕೆ ಸಾಕಾಗುವಷ್ಟಿತ್ತು.
ಎಡಗಾಲು ಊರಿದ, ಕೊಕ್ಕರೆಯ ಹಾಗೆ ನಿಂತ.
ನಗುತ್ತಾನೆಂದುಕೊಂಡೆ. ನಗಲಿಲ್ಲ.
ಹಿಂದೆ ಅಡುಗೆಯವ, ಎಂಜಿನ್ನಿನ ಹುಡುಗ,
ಕೊನೆಗೆ, ಯಾರೂ ಕರೆಯದೆ, ಕ್ಯಾಪ್ಟನ್ನೂ,
ಬರಿಗಾಲಲ್ಲಿ ಸಾಲು.
ಅಂಥ ಸಾಲನ್ನು ನಾನು ಕಡೆಯ ಸಲ ಕಂಡದ್ದು
ದೇವಾಲಯಕ್ಕೆ ಬೀಗ ಹಾಕುವ ಮುಂಚಿನ ಭಾನುವಾರ.

ಲಂಡನ್ನಿಗೆ ತಿಂಗಳ ವರದಿ ಬರೆಯಬೇಕು.
ಹಂಚಿದ ಬೈಬಲ್: ಸೊನ್ನೆ. ಆರಾಧನೆ: ಸೊನ್ನೆ.
ಹಡಗಿನೊಳಗಿನ ಭೇಟಿ: ಸೊನ್ನೆ.
‘ಇತರೆ’ ಎಂಬ ಕಡೆ, ಅಡ್ಡಗೆರೆಯ ಮೇಲೆ,
ಹುಲ್ಲು, ಒಂದು, ಎಂದು ಬರೆದು ಹೊಡೆದುಹಾಕಿದೆ,
ಮತ್ತೆ ಬರೆದೆ.

ಹಡಗು ರಾತ್ರಿಯ ಉಬ್ಬರಕ್ಕೇ ಹೊರಟುಹೋಗಿದೆ.
ಹೇಳಲು ಮರೆತದ್ದು ಈಗ ಕಾಡುತ್ತಿದೆ;
ಫೋನಿನಲ್ಲಿ ಒತ್ತಿ ಕಳಿಸಿದ್ದೇನೆ,
ಒಂದೇ ಗುರುತು ಬಿದ್ದಿದೆ, ಎರಡನೆಯದು ಬಿದ್ದಿಲ್ಲ:
ಸಿಹಿನೀರು ಹಾಕು, ರೊಡೆಲಿಯೊ.
ಸಮುದ್ರದ್ದಲ್ಲ.